ಡ್ರಿಪ್ ಪೈಪಿನೊಳಗಿನ ಲೋಳೆ, ನಾಲ್ಕು ವರ್ಷದ ಕೊಬ್ಬರಿ ಲೆಕ್ಕ

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಳ್ಳಲಾಗಿದೆ.)

ಹಿಂದಿನ ಕಂತುಗಳಲ್ಲಿ ಕೊಬ್ಬರಿ ಬೆಲೆ, ಬಿಳಿನೊಣ, ಕಾಂಡ ಸೋರೋ ರೋಗ ಎಲ್ಲ ಮಾತಾಡಿದ್ದಾಯ್ತು. ಇವತ್ತು ಯಾರೂ ಅಷ್ಟಾಗಿ ಮಾತಾಡದೇ ಇರೋ ಒಂದು ವಿಷಯ. ಡ್ರಿಪ್ ಫಿಲ್ಟರಿನಲ್ಲಿ, ಪೈಪಿನಲ್ಲಿ ಕಟ್ಟಿಕೊಳ್ಳೋ ಲೋಳೆ.

ಇದೇನು ದೊಡ್ಡ ವಿಷಯ, ಫಿಲ್ಟರ್ ಬಿಚ್ಚಿ ತೊಳೆದರೆ ಆಯ್ತು ಅಂತ ನೀವು ಹೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ನಮ್ಮದು ತುರುವೇಕೆರೆ ತಾಲ್ಲೂಕಿನಲ್ಲಿ ಸಣ್ಣ ತೋಟ. ಕೊನೆಯ ಎರಡು ಸಾಲಿನ ಮರಗಳು ಯಾವಾಗಲೂ ಸೊರಗಿದ ಹಾಗೆ ಕಾಣೋವು. ಗರಿ ಜೋತು ಬೀಳೋದು, ಹರಳು ಉದುರೋದು. ಬಿಸಿಲು ಜಾಸ್ತಿ ಅಂದ್ವಿ. ನುಸಿ ಅಂದ್ವಿ. ಗೊಬ್ಬರ ಕಮ್ಮಿ ಅಂತ ಕೊಟ್ಟಿಗೆ ಗೊಬ್ಬರ ಹೊಡೆಸಿದ್ವಿ. ಡ್ರಿಪ್ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಯಾಕೆಂದರೆ ಮರದ ಬುಡ ಒದ್ದೆ ಇರೋದು. ಒದ್ದೆ ಇದ್ದರೆ ನೀರು ಹೋಗ್ತಿದೆ ಅಂತ ತಾನೆ ನಮ್ಮ ಲೆಕ್ಕ?

2023ರ ಬರ ನಿಮಗೆಲ್ಲ ನೆನಪಿದೆ. ಅದರ ಹಿಂದೆಯೇ ಬಂದ ಬೇಸಿಗೆಯಲ್ಲಿ ಒಂದು ದಿನ ನಮ್ಮ ಚಿಕ್ಕಪ್ಪ ಕೊನೆ ಸಾಲಿನ ಪೈಪಿನ ತುದಿಯ ಮಡಿಕೆ ಬಿಚ್ಚಿದರು. ಮೊದಲು ಏನೂ ಬರಲಿಲ್ಲ. ಆಮೇಲೆ ಬೆಲ್ಲದ ಪಾಕದ ಬಣ್ಣದ, ಅಂಟಂಟಾದ ಲೋಳೆ, ಹಗ್ಗದ ಹಾಗೆ ಉದ್ದಕ್ಕೆ ಜಾರಿಕೊಂಡು ಬಂತು. ವಾಸನೆ ಬೇರೆ. "ಏನೋ ಇದು, ಪೈಪಿನೊಳಗೆ ಹಾವು ಸತ್ತ ಹಾಗಿದೆ" ಅಂದರು ಚಿಕ್ಕಪ್ಪ. ಡ್ರಿಪ್ಪರ್ ಒಂದೊಂದೇ ಅಳೆದು ನೋಡಿದಾಗ, ಆ ಸಾಲಿನ ಮರಗಳಿಗೆ ಹೋಗ್ತಿದ್ದ ನೀರು ಅರ್ಧಕ್ಕಿಂತ ಕಮ್ಮಿ. ಎಷ್ಟು ದಿನದಿಂದ ಹಾಗೆ ಅಂತ ನಮಗೆ ಗೊತ್ತೇ ಇಲ್ಲ.

ಇದರ ನಷ್ಟ ಎಷ್ಟು ದೂರ ಹೋಗುತ್ತೆ ಅನ್ನೋದನ್ನ ಮೊದಲು ಹೇಳ್ತೀನಿ. ರಾಗಿಗೆ ನೀರು ಕಮ್ಮಿ ಆದರೆ ಆ ವರ್ಷವೇ ಗೊತ್ತಾಗುತ್ತೆ. ತೆಂಗು ಹಾಗಲ್ಲ. ಹೊಂಬಾಳೆ ಹೊರಗೆ ಬಿಚ್ಚಿಕೊಳ್ಳೋದಕ್ಕೆ ಸುಮಾರು 32 ತಿಂಗಳು ಮುಂಚೆಯೇ ಅದರ ಮೊಳಕೆ ಸುಳಿಯೊಳಗೆ ಶುರುವಾಗಿರುತ್ತೆ. ಬಿಚ್ಚಿದ ಮೇಲೆ ಕಾಯಿ ಬಲಿಯೋಕೆ ಇನ್ನೊಂದು 12 ತಿಂಗಳು. ಅಲ್ಲಿಗೆ 44 ತಿಂಗಳು. ಉಂಡೆ ಕೊಬ್ಬರಿ ಮಾಡೋ ನಮ್ಮ ಕಡೆ ಕಾಯಿ ಕಿತ್ತ ಮೇಲೆ ಅಟ್ಟದ ಮೇಲೆ ಮತ್ತೆ ಎಂಟು ಹತ್ತು ತಿಂಗಳು. ಹೀಗಾಗಿ ಒಂದು ಬೇಸಿಗೆಯಲ್ಲಿ ಮರ ಒಣಗಿದರೆ ಅದರ ಏಟು ಒಂದೇ ಸಲ ಬೀಳಲ್ಲ. ಹರಳು ಉದುರೋದು ಆಗಲೇ ಕಾಣುತ್ತೆ. ಸುಳಿಯೊಳಗಿನ ಹೊಂಬಾಳೆಗೆ ಬಿದ್ದ ಏಟು ಮೂರು ನಾಲ್ಕು ವರ್ಷದವರೆಗೆ ಒಂದೊಂದೇ ಗೊನೆಯಲ್ಲಿ ಹೊರಗೆ ಬರುತ್ತೆ. ತಿಪಟೂರು ಮಾರ್ಕೆಟ್ಟಿಗೆ ಹಾಕೋ ಚೀಲ ಕಮ್ಮಿ ಆದಾಗ, ನಾಲ್ಕು ವರ್ಷದ ಹಿಂದೆ ಕಟ್ಟಿಕೊಂಡ ಡ್ರಿಪ್ಪರ್ ಯಾರಿಗೆ ನೆನಪಿರುತ್ತೆ? ಅದಕ್ಕೇ ಈ ಲೋಳೆ ನಮ್ಮ ಕೈಗೆ ಸಿಕ್ಕಿಬೀಳಲ್ಲ.

ಸರಿ, ಈ ಲೋಳೆ ಅಂದರೆ ಏನು? ಅದು ಬ್ಯಾಕ್ಟೀರಿಯಾಗಳ ಸಂಸಾರ. ನೀರಿನಲ್ಲಿ ಒಂಟಿಯಾಗಿ ತೇಲೋ ಬ್ಯಾಕ್ಟೀರಿಯಾ ಪೈಪಿನ ಗೋಡೆಗೆ ಅಂಟಿಕೊಂಡು, ಸುತ್ತ ಗೋಂದಿನಂಥ ವಸ್ತು ಸುರಿಸಿ ಅದರೊಳಗೆ ಮನೆ ಕಟ್ಟುತ್ತೆ. ಆ ಗೋಂದಿಗೆ ನೀರಿನಲ್ಲಿರೋ ಸಣ್ಣ ಮಣ್ಣು, ಗೋಡು ಅಂಟಿಕೊಳ್ಳುತ್ತೆ. ನಮ್ಮ ಜಾಲರಿ ಫಿಲ್ಟರ್ ಸಾಮಾನ್ಯವಾಗಿ 120 ಮೆಶ್, ಅಂದರೆ ಸುಮಾರು 130 ಮೈಕ್ರಾನ್ ತೂತು. ಬ್ಯಾಕ್ಟೀರಿಯಾ ಒಂದೆರಡು ಮೈಕ್ರಾನ್. ಕುರಿ ದೊಡ್ಡಿಯ ಬೇಲಿಯಲ್ಲಿ ಇರುವೆ ತಡೆಯೋಕೆ ಹೋದ ಹಾಗೆ. ಫಿಲ್ಟರ್ ಅದನ್ನ ತಡೆಯಲ್ಲ, ಜೊತೆಗೆ ಫಿಲ್ಟರಿನ ಜಾಲರಿಯೇ ಅದಕ್ಕೆ ಒಳ್ಳೆ ಜಾಗ ಆಗುತ್ತೆ.

ಇದರಲ್ಲಿ ಒಂದು ಜಾತಿ ಕಬ್ಬಿಣದ ಬ್ಯಾಕ್ಟೀರಿಯಾ. ಬೋರಿನ ನೀರಲ್ಲಿ ಕರಗಿರೋ ಕಬ್ಬಿಣವೇ ಅದಕ್ಕೆ ಆಹಾರ. ಚಿಕ್ಕನಾಯಕನಹಳ್ಳಿ ಕಡೆ ಕಬ್ಬಿಣ, ಮ್ಯಾಂಗನೀಸ್ ಅದಿರಿನ ಬೆಟ್ಟ ಇರೋದು ಎಲ್ಲರಿಗೂ ಗೊತ್ತು. ಹಾಗಂತ ಎಲ್ಲ ಬೋರಲ್ಲೂ ಕಬ್ಬಿಣ ಇದೆ ಅಂತಲ್ಲ, ಪಕ್ಕಪಕ್ಕದ ಬೋರಿಗೇ ವ್ಯತ್ಯಾಸ ಇರುತ್ತೆ. ಮನೆಯಲ್ಲೇ ನೋಡೋ ಒಂದು ಉಪಾಯ ಇದೆ. ಬೋರಿನ ನೀರನ್ನ ಬಿಳಿ ಬಕೆಟ್ಟಿಗೆ ಹಿಡಿದು ಒಂದು ರಾತ್ರಿ ಇಡಿ. ಹಿಡಿಯುವಾಗ ತಿಳಿಯಾಗಿದ್ದ ನೀರು ಬೆಳಿಗ್ಗೆ ಕೆಂಪಗೆ ತಿರುಗಿ ತಳದಲ್ಲಿ ತುಕ್ಕಿನ ಬಣ್ಣದ ಗಷ್ಟು ಕೂತಿದ್ದರೆ ಕಬ್ಬಿಣ ಇದೆ. ನೀರಿನ ಮೇಲೆ ಎಣ್ಣೆ ಹರಡಿದಂತೆ ಹೊಳೆಯೋ ಪೊರೆ ಕಂಡರೆ ಕಡ್ಡಿಯಿಂದ ಚುಚ್ಚಿ ನೋಡಿ. ಎಣ್ಣೆ ಆದರೆ ಮತ್ತೆ ಕೂಡಿಕೊಳ್ಳುತ್ತೆ. ಚೂರು ಚೂರಾಗಿ ಒಡೆದು ಹಾಗೇ ನಿಂತರೆ ಅದು ಬ್ಯಾಕ್ಟೀರಿಯಾ ಕಟ್ಟಿದ ಪೊರೆ.

ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡಿಸಿದರೆ ಮೂರು ಅಂಕಿ ನೋಡಿ. ಕಬ್ಬಿಣ ಲೀಟರಿಗೆ 0.1 ಮಿಲಿಗ್ರಾಂ ಒಳಗಿದ್ದರೆ ಡ್ರಿಪ್ಪಿಗೆ ತೊಂದರೆ ಕಮ್ಮಿ, 1.5 ದಾಟಿದರೆ ತೀವ್ರ. ಪಿಎಚ್ 7ರ ಒಳಗಿದ್ದರೆ ಒಳ್ಳೆಯದು, 8 ದಾಟಿದರೆ ಕಷ್ಟ. ಬ್ಯಾಕ್ಟೀರಿಯಾ ಮಿಲಿಲೀಟರಿಗೆ 10 ಸಾವಿರದ ಒಳಗಿದ್ದರೆ ಪರವಾಗಿಲ್ಲ, 50 ಸಾವಿರ ದಾಟಿದರೆ ಪೈಪು ಕಟ್ಟೋದು ಗ್ಯಾರಂಟಿ. ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ನೀರು ಪರೀಕ್ಷೆ ಎಲ್ಲಿ, ಹೇಗೆ ಅಂತ ಅಲ್ಲಿ ವಿಚಾರಿಸಿ.

ಈಗ ನಮ್ಮ ತಪ್ಪಿನ ಕಥೆ. ಲೋಳೆ ಕಂಡ ತಕ್ಷಣ ನಾವು ಮಾಡಿದ್ದು ಆಸಿಡ್. ಊರಲ್ಲಿ ಎಲ್ಲರೂ ಅದನ್ನೇ ಮಾಡ್ತಾರೆ, ನಾವೂ ಮಾಡಿದ್ವಿ. ಎರಡು ಸಲ. ಹದಿನೈದು ದಿನ ಚೆನ್ನಾಗಿ ಓಡೋದು, ಮತ್ತೆ ಮೊದಲಿನ ಹಾಗೇ. ಆಮೇಲೆ ಗೊತ್ತಾಯ್ತು, ಡ್ರಿಪ್ ಕಟ್ಟೋದು ಮೂರು ಕಾರಣಕ್ಕೆ, ಮೂರಕ್ಕೂ ಮದ್ದು ಬೇರೆ. ಡ್ರಿಪ್ಪರ್ ಬಿಚ್ಚಿ ಒಳಗಿರೋದನ್ನ ಬೆರಳಲ್ಲಿ ಉಜ್ಜಿ ನೋಡಿ. ಗರಗರ ಅಂದರೆ ಮರಳು, ಮಣ್ಣು. ಅದಕ್ಕೆ ಫಿಲ್ಟರ್ ಸರಿಮಾಡಬೇಕು. ಬೆಳ್ಳಗೆ ಗಟ್ಟಿ ಪದರ ಇದ್ದು, ನಾಲ್ಕು ಹನಿ ಆಸಿಡ್ ಬಿಟ್ಟರೆ ನೊರೆ ಬಂದರೆ ಸುಣ್ಣ. ಗಡಸು ನೀರಿನ ಕಾಟ ಅದು, ಅದಕ್ಕೆ ಮಾತ್ರ ಆಸಿಡ್. ಜಾರಿಕೆ, ಅಂಟು, ಕಂದು ಬಣ್ಣ, ಕೊಳೆತ ವಾಸನೆ ಇದ್ದರೆ ಬ್ಯಾಕ್ಟೀರಿಯಾ. ಅದಕ್ಕೆ ಬೇಕಾದ್ದು ಕ್ಲೋರಿನ್. ನಮ್ಮ ಕಡೆ ಬಹಳ ತೋಟದಲ್ಲಿ ಲೋಳೆ, ಸುಣ್ಣ ಎರಡೂ ಸೇರಿರುತ್ತೆ. ಆಗ ಮೊದಲು ಕ್ಲೋರಿನ್ ಕೊಟ್ಟು ಪೈಪು ಪೂರ್ತಿ ತೊಳೆದು, ಕೆಲವು ದಿನ ಬಿಟ್ಟು ಆಸಿಡ್.

ಇಲ್ಲಿ ಒಂದು ನಿಮಿಷ ನಿಲ್ಲಿಸಿ ಹೇಳ್ತೀನಿ, ದಯವಿಟ್ಟು ಮನೆಯಲ್ಲಿ ಕೆಲಸದವರಿಗೂ ತಿಳಿಸಿ. ಆಸಿಡ್ಡನ್ನೂ ಬ್ಲೀಚಿಂಗ್ ಪೌಡರನ್ನೂ ಯಾವತ್ತೂ ಒಟ್ಟಿಗೆ ಸೇರಿಸಬಾರದು. ಸೇರಿದರೆ ಕ್ಲೋರಿನ್ ಅನಿಲ ಏಳುತ್ತೆ, ಉಸಿರು ಕಟ್ಟಿ ಪ್ರಾಣಕ್ಕೇ ಕುತ್ತು. ಒಂದೇ ಬಕೆಟ್, ಒಂದೇ ಮಗ್ಗು ಎರಡಕ್ಕೂ ಬಳಸಬೇಡಿ. ಮೋಟರ್ ಮನೆಯ ಒಂದೇ ಮೂಲೆಯಲ್ಲಿ ಎರಡನ್ನೂ ಇಡಬೇಡಿ. ಯೂರಿಯಾದಂಥ ಗೊಬ್ಬರ ಬಿಡೋ ದಿನ ಕ್ಲೋರಿನ್ ಬೇಡ. ಆಸಿಡ್ ಬಳಸುವಾಗ ನೀರಿಗೆ ಆಸಿಡ್ ಹಾಕಬೇಕು, ಆಸಿಡ್ಡಿಗೆ ನೀರು ಹಾಕಬಾರದು. ಕೈಗೆ ರಬ್ಬರ್ ಗ್ಲೌಸು, ಕಣ್ಣಿಗೆ ಕನ್ನಡಕ ಇರಲಿ.

ಇನ್ನು ಕ್ಲೋರಿನ್ ಎಷ್ಟು ಅನ್ನೋ ಲೆಕ್ಕ. ಪೆನ್ನು ಇದ್ದರೆ ಬರೆದುಕೊಳ್ಳಿ. ಲೋಳೆ ಸಾಧಾರಣವಾಗಿದ್ದರೆ 10ರಿಂದ 20 ಪಿಪಿಎಂ, ಅಂದರೆ ಸಾವಿರ ಲೀಟರ್ ನೀರಿಗೆ 10ರಿಂದ 20 ಗ್ರಾಂ ಕ್ಲೋರಿನ್. ಮೊದಲು ನಿಮ್ಮ ಮೋಟರ್ ಎಷ್ಟು ನೀರು ಕೊಡುತ್ತೆ ನೋಡಿ. 200 ಲೀಟರಿನ ಡ್ರಮ್ ಎರಡು ನಿಮಿಷಕ್ಕೆ ತುಂಬಿದರೆ ಗಂಟೆಗೆ 6,000 ಲೀಟರ್. ಅರ್ಧ ಗಂಟೆಗೆ 3,000 ಲೀಟರ್. 20 ಪಿಪಿಎಂ ಅಂದರೆ ಬೇಕಾದ ಕ್ಲೋರಿನ್ 60 ಗ್ರಾಂ. ಹೊಸ ಬ್ಲೀಚಿಂಗ್ ಪೌಡರಿನಲ್ಲಿ ಸುಮಾರು ಶೇ. 30 ಕ್ಲೋರಿನ್ ಇರುತ್ತೆ, ಹಾಗಾಗಿ 200 ಗ್ರಾಂ ಸಾಕು. ಶೇ. 10ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ ಆದರೆ 600 ಮಿಲಿಲೀಟರ್. ನೋಡಿ, ಖರ್ಚು ಎಷ್ಟು ಕಮ್ಮಿ! ತೆರೆದಿಟ್ಟ ಹಳೇ ಚೀಲದ ಪೌಡರಿನಲ್ಲಿ ಶಕ್ತಿ ಇರಲ್ಲ, ಅದನ್ನ ನಂಬಬೇಡಿ.

ಪೌಡರನ್ನ ನೇರವಾಗಿ ಡ್ರಿಪ್ಪಿಗೆ ಬಿಡಬಾರದು. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ, ಒಂದು ಗಂಟೆ ಬಿಟ್ಟು, ಮೇಲಿನ ತಿಳಿಯನ್ನ ಮಾತ್ರ ಬಟ್ಟೆಯಲ್ಲಿ ಸೋಸಿಕೊಳ್ಳಿ. ತಳದಲ್ಲಿ ಉಳಿಯೋದು ಸುಣ್ಣದಂಥ ಗಷ್ಟು, ಅದು ಪೈಪಿಗೆ ಹೋದರೆ ಇನ್ನೊಂದು ತಲೆನೋವು. ನೀರು ಬಹಳ ಗಡಸಾಗಿದ್ದರೆ ಪೌಡರಿಗಿಂತ ದ್ರಾವಣವೇ ವಾಸಿ. ತಿಳಿಯನ್ನ ವೆಂಚುರಿ ಮೂಲಕ, ಫಿಲ್ಟರಿಗಿಂತ ಮುಂಚೆ ಬಿಡಿ. ಯಾಕೆ ಮುಂಚೆ? ಒಂದು, ಫಿಲ್ಟರ್ ಒಳಗಿನ ಲೋಳೆಯೂ ಸಾಯಬೇಕು. ಎರಡು, ನೀರಲ್ಲಿ ಕಬ್ಬಿಣ ಇದ್ದರೆ ಕ್ಲೋರಿನ್ ತಗುಲಿದ ಕೂಡಲೇ ಅದು ತುಕ್ಕಾಗಿ ಕೂರುತ್ತೆ, ಆ ತುಕ್ಕು ಫಿಲ್ಟರಿನಲ್ಲೇ ನಿಲ್ಲಬೇಕು. ಕಬ್ಬಿಣ ತುಂಬಾ ಇದ್ದರೆ ಫಿಲ್ಟರ್ ಒಂದಕ್ಕೇ ಆಗಲ್ಲ. ನೀರನ್ನ ಮೊದಲು ತೊಟ್ಟಿಗೆ ಎತ್ತರದಿಂದ ಬೀಳಿಸಿ, ಗಾಳಿ ತಗುಲಿಸಿ, ತಂಗಿಸಿ ಆಮೇಲೆ ಡ್ರಿಪ್ಪಿಗೆ ಬಿಡಬೇಕು.

ಕ್ಲೋರಿನ್ ಕೊನೆ ಮರದವರೆಗೆ ಮುಟ್ಟಿತಾ ಅಂತ ನೋಡೋದು ಮುಖ್ಯ. ದಾರಿಯಲ್ಲೇ ಲೋಳೆ ಅದನ್ನ ತಿಂದು ಮುಗಿಸಿಬಿಡುತ್ತೆ. ಗ್ರಾಮ ಪಂಚಾಯ್ತಿ ನೀರಗಂಟಿ ಹತ್ತಿರ ಕ್ಲೋರಿನ್ ನೋಡೋ ಸಣ್ಣ ಕಿಟ್ ಇರುತ್ತೆ, ಹನಿ ಹಾಕಿದರೆ ನೀರಿನ ಬಣ್ಣ ತಿರುಗುತ್ತೆ. ಅಂಥದ್ದೊಂದು ಇಟ್ಟುಕೊಳ್ಳಿ. ಕೊನೆಯ ಡ್ರಿಪ್ಪರಿನಲ್ಲಿ ಒಂದೆರಡು ಪಿಪಿಎಂ ಆದರೂ ಕಾಣಬೇಕು. ಕಂಡ ಮೇಲೆ ಮೋಟರ್ ನಿಲ್ಲಿಸಿ ರಾತ್ರಿಯೆಲ್ಲ ಹಾಗೇ ಬಿಡಿ. ಕಾಣದೇ ಇದ್ದರೆ ಇನ್ನಷ್ಟು ಕೊಡಬೇಕು. ನೀರಿನ ಪಿಎಚ್ ಜಾಸ್ತಿ ಇದ್ದರೂ ಕ್ಲೋರಿನ್ ಶಕ್ತಿ ಕುಂದುತ್ತೆ. ಪಿಎಚ್ 7.5 ಇದ್ದರೆ ಹಾಕಿದ್ದರಲ್ಲಿ ಸುಮಾರು ಅರ್ಧ ಮಾತ್ರ ಚುರುಕಾಗಿರುತ್ತೆ, 8.5 ಆದರೆ ಸುಮಾರು ಹತ್ತರಲ್ಲಿ ಒಂದು ಪಾಲು.

ಬೆಳಿಗ್ಗೆ ಎದ್ದು ಮಾಡೋ ಕೆಲಸವೇ ಎಲ್ಲಕ್ಕಿಂತ ಮುಖ್ಯ. ಮೊದಲು ಸಬ್‌ಮೇನಿನ ತುದಿ, ಆಮೇಲೆ ಒಂದೊಂದೇ ಲ್ಯಾಟರಲ್ ಪೈಪಿನ ತುದಿ ಬಿಚ್ಚಿ ನೀರು ತಿಳಿಯಾಗೋವರೆಗೆ ಹರಿಸಿ. ಸತ್ತ ಲೋಳೆ ಪದರ ಪದರವಾಗಿ ಕಿತ್ತುಕೊಂಡು ಬರುತ್ತೆ. ತುದಿ ಬಿಚ್ಚದೇ ಮೋಟರ್ ಹಾಕಿದರೆ ಅದೆಲ್ಲ ಡ್ರಿಪ್ಪರಿಗೆ ಹೋಗಿ ಸಿಕ್ಕಿಕೊಳ್ಳುತ್ತೆ. ಕ್ಲೋರಿನ್ ಹಾಕಿದ ಮೇಲೇ ಡ್ರಿಪ್ ಕೆಟ್ಟಿತು ಅಂತ ಬೈಯೋರು ಬಹಳ ಜನ ಈ ಕೆಲಸ ಬಿಟ್ಟವರು.

ಇಷ್ಟು ಕ್ಲೋರಿನ್ನಿಂದ ಮರಕ್ಕೆ ಏನೂ ಆಗಲ್ವಾ ಅಂತ ನಮ್ಮ ಅಮ್ಮ ಕೇಳಿದರು. ನ್ಯಾಯವಾದ ಪ್ರಶ್ನೆ. ನಾನು ಹೇಳಿದ ಪ್ರಮಾಣದಲ್ಲಿ ಆಗಲ್ಲ. ಕ್ಲೋರಿನ್ ಕೆಲಸ ಮುಗಿಸಿದ ಮೇಲೆ ಕ್ಲೋರೈಡ್ ಆಗಿ ಉಳಿಯುತ್ತೆ, ಅದು ತೆಂಗಿಗೆ ಬೇಕಾದ ಪೋಷಕಾಂಶವೇ. ಹಿಂದಿನವರು ತೆಂಗಿನ ಬುಡಕ್ಕೆ ಉಪ್ಪು ಹಾಕ್ತಿದ್ದದ್ದು, ನಾವು ಈಗ ಹಾಕೋ ಮ್ಯೂರಿಯೇಟ್ ಆಫ್ ಪೊಟ್ಯಾಷ್, ಎರಡರಲ್ಲೂ ಕ್ಲೋರೈಡ್ ಇದೆ. ಆದರೆ ಪೈಪು ಪೂರ್ತಿ ಕಟ್ಟಿಹೋಗಿ ನೂರಾರು ಪಿಪಿಎಂ ಕೊಡಬೇಕಾದ ಪರಿಸ್ಥಿತಿ ಬಂದರೆ ನೀವೇ ಮಾಡೋಕೆ ಹೋಗಬೇಡಿ, ತಿಳಿದವರನ್ನ ಕರೆಸಿ.

ಇನ್ನೊಂದು ಅಪಾಯ ನಮ್ಮ ಕರೆಂಟಿನದು. ಕ್ಲೋರಿನ್ ಅಥವಾ ಆಸಿಡ್ ಬಿಡ್ತಿರುವಾಗ ತ್ರೀ ಫೇಸ್ ಹೋದರೆ ಪೈಪಿನ ನೀರು ಹಿಂದಕ್ಕೆ ಬೋರಿಗೆ ಇಳಿಯಬಹುದು. ನಾನ್ ರಿಟರ್ನ್ ವಾಲ್ವ್ ಇದೆಯಾ, ಕೆಲಸ ಮಾಡ್ತಿದೆಯಾ ಮೊದಲು ನೋಡಿ. ಅದೇ ಲೈನಿನಿಂದ ದನದ ತೊಟ್ಟಿಗೆ, ಮನೆಗೆ ನೀರು ಹೋಗ್ತಿದ್ದರೆ ಆ ವಾಲ್ವ್ ಮುಚ್ಚಿ. ತೊಳೆದ ನೀರು ಮೀನಿರೋ ಕಟ್ಟೆಗೆ ಹರಿಯಬಾರದು.

ಇಷ್ಟೆಲ್ಲ ಕೊಲ್ಲೋ ಮಾತಾಯ್ತು. ಆದರೆ ಕೊಂದಷ್ಟಕ್ಕೆ ಮುಗಿಯಲ್ಲ, ಊಟ ಸಿಗ್ತಿರೋವರೆಗೆ ಅದು ಮತ್ತೆ ಬರುತ್ತೆ. ಈ ವಿಷಯ ನನಗೆ ಅರ್ಥ ಆಗಿದ್ದು ತೋಟದಲ್ಲಲ್ಲ. ಬೆಂಗಳೂರಿನಲ್ಲಿರೋ ಸ್ನೇಹಿತನೊಬ್ಬ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟಿದ್ದಾನೆ, ಸಮುದ್ರದ ಮೀನು, ಹವಳ ಎಲ್ಲ. ಅವನ ಫಿಲ್ಟರ್ ಪೈಪಿನಲ್ಲೂ ಬಿಳಿ ಲೋಳೆ. ಅವನು ಕ್ಲೋರಿನ್ ಹಾಕೋ ಹಾಗಿಲ್ಲ, ಮೀನೂ ಸಾಯುತ್ತೆ, ನೀರು ಶುದ್ಧ ಮಾಡೋ ಒಳ್ಳೆ ಬ್ಯಾಕ್ಟೀರಿಯಾವೂ ಸಾಯುತ್ತೆ. ವಿಚಾರಿಸಿದರೆ, ನೀರಿನ ನೈಟ್ರೇಟ್ ಇಳಿಸೋಕೆ ಅವನು ದಿನಾ ವಿನೆಗರ್ ಹಾಕ್ತಿದ್ದ. ಅದು ಆ ಶೋಕಿಯವರಲ್ಲಿ ರೂಢಿಯಲ್ಲಿರೋ ವಿಧಾನವೇ, ಕೆಲವರು ಸಕ್ಕರೆಯನ್ನೂ ಹಾಕ್ತಾರೆ. ಪ್ರಮಾಣ ಮೀರಿದರೆ ಅದೇ ಬ್ಯಾಕ್ಟೀರಿಯಾಗೆ ಹಬ್ಬದೂಟ. ಅವನು ವಿನೆಗರ್ ಕಮ್ಮಿ ಮಾಡಿದ, ಮೀನಿನ ಆಹಾರ ಹಿಡಿತಕ್ಕೆ ತಂದ, ಪೈಪು ಬಿಚ್ಚಿ ಉಜ್ಜಿದ. ಲೋಳೆ ಇಳೀತು.

ಅವನ ಮಾತು ಕೇಳ್ತಾ ನನಗೆ ನಮ್ಮ ತೋಟದ ಜೀವಾಮೃತ ನೆನಪಾಯ್ತು. 200 ಲೀಟರ್ ನೀರಿಗೆ ಸಗಣಿ, ಗಂಜಲ, ಎರಡು ಕೆಜಿ ಬೆಲ್ಲ, ಎರಡು ಕೆಜಿ ದ್ವಿದಳ ಧಾನ್ಯದ ಹಿಟ್ಟು. ಅದನ್ನ ನಾವು ಹಳೇ ಪಂಚೆಯಲ್ಲಿ ಸೋಸಿ ವೆಂಚುರಿಗೆ ಬಿಡ್ತಿದ್ವಿ. ಬಿಟ್ಟ ಮೇಲೆ ಕರೆಂಟ್ ಹೋದರೆ ಬೆಲ್ಲದ ನೀರು ಪೈಪಿನೊಳಗೇ ರಾತ್ರಿಯೆಲ್ಲ. ನಾವೇ ಊಟ ಹಾಕಿ ಸಾಕಿದ ಹಾಗಾಯ್ತಲ್ಲ! ಜೀವಾಮೃತ ತಪ್ಪು ಅಂತ ನಾನು ಹೇಳ್ತಿಲ್ಲ, ನಮ್ಮ ಮನೆಯಲ್ಲಿ ಈಗಲೂ ಮಾಡ್ತೀವಿ. ಈಗ ಬಕೆಟ್ಟಿನಲ್ಲಿ ಬುಡಕ್ಕೇ ಹಾಕ್ತೀವಿ. ಡ್ರಿಪ್ಪಿನಲ್ಲೇ ಬಿಡಬೇಕು ಅನ್ನೋರು ಚೆನ್ನಾಗಿ ಸೋಸಿ, ಬಿಟ್ಟ ಮೇಲೆ ಅರ್ಧ ಗಂಟೆ ಬರೀ ನೀರು ಹರಿಸಿ. ಕ್ಲೋರಿನ್ ಕೊಡೋ ದಿನಕ್ಕೂ ಜೀವಾಮೃತಕ್ಕೂ ನಡುವೆ ಕೆಲವು ದಿನ ಅಂತರ ಇರಲಿ, ಇಲ್ಲವಾದರೆ ಜೀವಾಮೃತದ ಜೀವವೂ ಹೋಗುತ್ತೆ.

ಇನ್ನೊಂದು ಊಟ, ತೆರೆದ ತೊಟ್ಟಿ. ಬಿಸಿಲು ಬಿದ್ದರೆ ಪಾಚಿ, ಪಾಚಿ ಸತ್ತರೆ ಬ್ಯಾಕ್ಟೀರಿಯಾಗೆ ಮೇವು. ತೊಟ್ಟಿ ಮೇಲೆ ಗರಿ ಹೆಣೆದು ಹೊದಿಸಿ, ಶೇಡ್ ನೆಟ್ ಹಾಕಿ, ಏನಾದರೂ ಸರಿ, ಬಿಸಿಲು ತಪ್ಪಿಸಿ.

ಕೊನೆಯದಾಗಿ, ಒಂದು ಸ್ಟೀಲ್ ಲೋಟದ ಪರೀಕ್ಷೆ. ಗಂಟೆಗೆ 8 ಲೀಟರಿನ ಡ್ರಿಪ್ಪರ್ ನಿಮಿಷಕ್ಕೆ ಸುಮಾರು 130 ಮಿಲಿಲೀಟರ್ ಕೊಡಬೇಕು. 4 ಲೀಟರಿನದಾದರೆ ಸುಮಾರು 65. ಮೊದಲ ಮರದ ಹತ್ತಿರ ಒಂದು ನಿಮಿಷ ಹಿಡಿಯಿರಿ, ಕೊನೆ ಮರದ ಹತ್ತಿರ ಒಂದು ನಿಮಿಷ ಹಿಡಿಯಿರಿ. ಕೊನೆಯದು ಬಹಳ ಕಮ್ಮಿ ಇದ್ದರೆ ಕೆಲಸ ಶುರು ಮಾಡಿ. ಮರಕ್ಕೆ 8 ಲೀಟರಿನ ನಾಲ್ಕು ಡ್ರಿಪ್ಪರ್, ದಿನಕ್ಕೆ ಎರಡು ಗಂಟೆ ಅಂದರೆ 64 ಲೀಟರ್. ಎರಡು ಕಟ್ಟಿಕೊಂಡರೆ 32. ಆದರೂ ಬುಡ ಒದ್ದೆಯಾಗೇ ಕಾಣುತ್ತೆ. ಫಿಲ್ಟರಿನ ಹಿಂದೆ ಮುಂದೆ ಪ್ರೆಶರ್ ಗೇಜ್ ಇದ್ದರೆ ಎರಡರ ನಡುವೆ ಅರ್ಧ ಕೆಜಿ ವ್ಯತ್ಯಾಸ ಬಂದಾಗ ಫಿಲ್ಟರ್ ತೊಳೆಯಿರಿ. ಪೈಪಿನ ತುದಿ ಹದಿನೈದು ದಿನಕ್ಕೊಮ್ಮೆ ಬಿಚ್ಚಿ ಹರಿಸಿ. ಲೋಳೆ ಇರೋ ತೋಟದಲ್ಲಿ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಕ್ಲೋರಿನ್.

ನಮ್ಮ ಕೊನೆ ಸಾಲಿಗೆ ಈಗ ನೀರು ಸರಿಯಾಗಿ ಹೋಗ್ತಿದೆ. ಗರಿ ಹಸಿರಾಗಿದೆ. ಕಾಯಿ ಮಾತ್ರ ಇನ್ನೂ ಪಕ್ಕದ ಸಾಲಿನಷ್ಟಿಲ್ಲ. ಚಿಕ್ಕಪ್ಪ ಆಗಾಗ ಆ ಮರ ನೋಡಿ "ಇನ್ನೂ ಹಳೇ ಸಾಲ ತೀರಿಸ್ತಾ ಇದೆ ಕಣಪ್ಪ" ಅಂತಾರೆ. ನಿಮ್ಮ ತೋಟದಲ್ಲಿ ಆ ಸಾಲ ಬೆಳೆಯೋಕೆ ಬಿಡಬೇಡಿ. ಈ ವಾರ ಒಂದು ದಿನ ಲೋಟ ತಗೊಂಡು ಕೊನೆ ಸಾಲಿಗೆ ಹೋಗಿಬನ್ನಿ. ಏನು ಕಂಡಿತು ಅಂತ ನಮಗೆ ಒಂದು ವಾಯ್ಸ್ ಮೆಸೇಜ್ ಕಳಿಸಿ.